ಕವುಚಿಟ್ಟ ಕಾರ್ಡು

ಭಾನುವಾರ ಬೆಳಿಗ್ಗೆ 10.20. ಮಹಿಳಾ ಫುಟ್‌ಬಾಲ್ ತಂಡದ ನಾಯಕಿ ಠಾಣೆಗೆ ಓಡಿಬಂದಳು.

"ಮೇಡಂ, ನಮ್ಮ ಕಾರ್ಡೆಲ್ಲ ಕಳುವಾಗಿದೆ. ನಾಲ್ಕಕ್ಕೆ ಮ್ಯಾಚು!"

"ಯಾವ ಕಾರ್ಡಮ್ಮ?"

"ಲೀಗ್‌ನೋರು ಕೊಡೋ ಗುರುತಿನ ಕಾರ್ಡು. ರೆಫರಿ ಅದನ್ನೂ ಮುಖಾನೂ ನೋಡಿಯೇ ಆಡೋಕೆ ಬಿಡೋದು. ಜೆರಾಕ್ಸ್ ನಡೆಯಲ್ಲ. ಇಲ್ಲದಿದ್ರೆ ಆಡದೇ ಸೋತ ಹಾಗೆ. ಇವತ್ತು ಸೋತ್ರೆ ರಾಷ್ಟ್ರೀಯ ಲೀಗಿನ ಮೊದಲ ದರ್ಜೆಯಿಂದ ಕೆಳಗೆ ಬೀಳ್ತೀವಿ."

ಇನ್‌ಸ್ಪೆಕ್ಟರ್ ಮೇಡಂ ಎಫ್‌ಐಆರ್ ದಾಖಲಿಸಿ 11.05ಕ್ಕೆ ಕ್ಲಬ್ಬಿಗೆ ಹೊರಟರು. ಜೊತೆಗೆ ಕಾನ್‌ಸ್ಟೆಬಲ್ ಮೀಸೆ. ಮೀಸೆ ಬೋಳಿಸಿ ಆರು ವರ್ಷವಾದರೂ ಹೆಸರು ಮಾತ್ರ ಹೋಗಿರಲಿಲ್ಲ.

ಕ್ಲಬ್ಬಿನ ಗೋಡೆಯ ತುಂಬ ಗಂಡಸರ ತಂಡದ ಫೋಟೋಗಳು. ಮೊದಲ ದರ್ಜೆಯಲ್ಲಿ ಆಡುವ ಹೆಣ್ಣುಮಕ್ಕಳದು ಒಂದೂ ಇಲ್ಲ. ಅವರಿಗೆ ಬಟ್ಟೆ ಬದಲಿಸಲು ಕೊಟ್ಟದ್ದು ಸುಣ್ಣದ ಚೀಲ, ಪೊರಕೆ ತುಂಬಿದ ಉಗ್ರಾಣ. ಮೇಡಂಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ಕ್ಲಬ್ಬಿನ ಅಧ್ಯಕ್ಷರ ಫೋನು.

"ಹುಡುಗೀರ ಆಟಕ್ಕೆಲ್ಲ ಪೊಲೀಸಾ ಮೇಡಂ?"

"ನಿಮ್ಮ ಗಂಡಸರ ತಂಡ ಯಾವ ದರ್ಜೇಲಿದೆ?"

"ಮೂರನೇದು..."

"ಹಾಗಾದ್ರೆ ಫೋನ್ ಇಡಿ."

ಕಚೇರಿಯ ಕಪಾಟಿನ ಬೀಗ ಮುರಿದಿರಲಿಲ್ಲ. ಹತ್ತೊಂಬತ್ತು ಕಾರ್ಡುಗಳಲ್ಲಿ ಹದಿನೆಂಟು ಮಾಯ. ಒಂದು ಮಾತ್ರ ಮೇಲಿನ ಹಲಗೆಯ ಮೇಲೆ ಕವುಚಿ ಬಿದ್ದಿತ್ತು.

"ಇವಳದ್ದು ಯಾಕೆ ಬಿಟ್ಟ?"

"ಗೊತ್ತಿಲ್ಲ ಮೇಡಂ. ಇವಳೇ ನಮ್ಮ ರಕ್ಷಣೆಯ ಬೆನ್ನೆಲುಬು. ಇವತ್ತೂ ಆಡ್ತಾಳೆ," ಎಂದಳು ನಾಯಕಿ.

ಮೇಡಂ ಲೀಗ್ ಕಚೇರಿಗೆ ಫೋನ್ ಮಾಡಿದರು. ಆ ಹುಡುಗಿ ಹಿಂದಿನ ಪಂದ್ಯಗಳಲ್ಲಿ ರೆಫರಿಯಿಂದ ನಾಲ್ಕು ಹಳದಿ ಕಾರ್ಡು ಪಡೆದು ಇವತ್ತಿನ ಪಂದ್ಯಕ್ಕೆ ಸಸ್ಪೆಂಡ್ ಆಗಿದ್ದಳು. ಪತ್ರ ನಿನ್ನೆ ಸಂಜೆ 6.30ಕ್ಕೆ ಕ್ಲಬ್ಬಿಗೆ ಹೋಗಿತ್ತು. ತಂಡದಲ್ಲಿ ಯಾರಿಗೂ ವಿಷಯವೇ ಗೊತ್ತಿಲ್ಲ. ಕ್ಲಬ್ಬಿನ ಪತ್ರ ತೆರೆಯುವವರು ಒಬ್ಬರೇ, ಗುಮಾಸ್ತರು. ಕಪಾಟಿನ ಕೀಲಿಯೂ ಅವರ ಬಳಿಯೇ.

12.40ಕ್ಕೆ ವಿಚಾರಣೆ ಶುರುವಾಯಿತು.

"ನಿನ್ನೆ ಲೀಗ್‌ನಿಂದ ಪತ್ರ ಬಂತೇನ್ರೀ?"

"ಇಲ್ಲ ಮೇಡಂ."

"ಈ ಕಾರ್ಡು ಯಾಕೆ ಬೇರೆ ಇದೆ?"

"ಅದು ಹಾಗೇ ಇಡಬೇಕು ಮೇಡಂ. ಸಸ್ಪೆಂಡ್ ಆದವರದ್ದು ತಪ್ಪಿ ಮೈದಾನಕ್ಕೆ ಹೋಗಬಾರ್ದಲ್ಲ, ಹನ್ನೊಂದು ವರ್ಷದಿಂದ..."

"ಪತ್ರ ಬರಲಿಲ್ಲ ಅಂದ್ರಲ್ಲ?"

ಕದಿಯುವಾಗಲೂ ಗುಮಾಸ್ತರ ಕೈ ತನ್ನ ಪಾಡಿಗೆ ತಾನು ಕಚೇರಿ ಕೆಲಸ ಮಾಡಿಬಿಟ್ಟಿತ್ತು.

"ಬೇಲಿಯೇ ಎದ್ದು ಹೊಲ ಮೇಯ್ತಲ್ಲಪ್ಪ!" ಎಂದ ಮೀಸೆ.

ಕಾರ್ಡುಗಳು ಗುಮಾಸ್ತರ ಸ್ಕೂಟರಿನ ಸೀಟಿನಡಿ ಸಿಕ್ಕವು. 1.50ಕ್ಕೆ ಪಂಚರ ಮುಂದೆ ಪಂಚನಾಮೆ ಬರೆದು ಜಪ್ತಿ, ಆಮೇಲೆ ಬಂಧನ. ಅಷ್ಟರಲ್ಲಿ ಮೀಸೆ ತಲೆ ಕೆರೆದುಕೊಂಡ.

"ಮೇಡಂ, ಜಪ್ತಿ ಮಾಡಿದ ಮಾಲು. ಕೋರ್ಟು ಹೇಳದೆ ಹುಡುಗೀರಿಗೆ ಕೊಡೋ ಹಾಗಿಲ್ಲ."

"ಕೊಡಬೇಡ. ನೀನೇ ಹಿಡ್ಕೊಂಡು ರೆಫರಿ ಪಕ್ಕ ನಿಂತ್ಕೋ. ಒಂದೊಂದಾಗಿ ತೋರಿಸು. ವಾಪಸ್ ತಗೊಂಡು ಬಾ."

3.55ಕ್ಕೆ ಮೀಸೆ ಮೈದಾನದಿಂದ ಠಾಣೆಗೆ ಫೋನ್ ಮಾಡಿದ. ಹದಿನೆಂಟು ಕಾರ್ಡಿಗೂ ರೆಫರಿ ತಲೆಯಾಡಿಸಿದ್ದರು. ಮೇಡಂ ಎದುರಿಗೆ ಕೂತಿದ್ದ ಗುಮಾಸ್ತರ ಕಡೆ ತಿರುಗಿದರು.

"ಯಾಕ್ರೀ ಮಾಡಿದ್ರಿ?"

"ಹತ್ತು ವರ್ಷ ಗಂಡಸರ ತಂಡದಲ್ಲಿ ಆಡಿದೋನು ಮೇಡಂ ನಾನು. ಮನೇಲಿ ಮಗಳು ನನ್ನ ಫೋಟೋ ತೆಗೆದು ಈ ತಂಡದ ಗೋಲ್‌ಕೀಪರ್ ಹುಡುಗೀದು ಅಂಟಿಸಿದ್ಲು. ಇವರೂ ಒಂದ್ಸಲ ಕೆಳಗೆ ಬೀಳ್ಲಿ ಅನ್ನಿಸ್ತು."

"ಥೂ! ಹದಿನೆಂಟು ಹೆಣ್ಣುಮಕ್ಕಳು ಬೆವರು ಸುರಿಸಿ ಗಳಿಸಿದ್ದನ್ನ ಅಷ್ಟಕ್ಕೇ ಕಿತ್ಕೊಳ್ಳೋಕೆ ಹೋದ್ರಾ?"

ಗುಮಾಸ್ತರು ಮೆಲ್ಲಗೆ ಹೇಳಿದರು. "ಮಗಳು ಈಗ ಗ್ಯಾಲರೀಲಿದಾಳೆ. ದಯವಿಟ್ಟು ಹೇಳಬೇಡಿ ಮೇಡಂ."

"ನಾನ್ಯಾಕೆ ಹೇಳ್ಲಿ? ಬಂಧನದ ವಿಷಯ ಮನೆಯವರಿಗೆ ತಿಳಿಸೋದು ನಿಯಮ. ನೀವೇ ಹೇಳಿ."

ಮೇಡಂ ಫೋನನ್ನು ಅವರ ಮುಂದೆ ಸರಿಸಿದರು. ಗುಮಾಸ್ತರು ಮಗಳ ಸಂಖ್ಯೆ ಒತ್ತಿದರು. ಆ ಕಡೆಯಿಂದ ಜನರ ಕೂಗಿನ ನಡುವೆ ಹುಡುಗಿಯ ದನಿ ಕೇಳಿಸಿತು. "ಅಪ್ಪಾ, ಎಲ್ಲಿದೀಯ? ಬೇಗ ಬಾ, ಆಟ ಶುರುವಾಯ್ತು!"