ಕಿಟಕಿ ಹಳೆಯದಾಗುವವರೆಗೆ

ಬಡಗಿ ಕೊನೆಯ ಏಟು ಕೊಟ್ಟ. ಹಳೆಯ ಚೌಕಟ್ಟು ನರಳುತ್ತ ಗೋಡೆಯಿಂದ ಕಿತ್ತು ಬಂತು. ಧೂಳು ತುಸು ಇಳಿದ ಮೇಲೆ ಅವಳು ಕಣ್ಣುಜ್ಜಿಕೊಂಡು ನೋಡಿದಳು.

ಓಣಿಯ ಆಚೆ, ಕೈ ಚಾಚಿದರೆ ಸಿಗುವಷ್ಟು ಹತ್ತಿರದ ಕಿಟಕಿಯಲ್ಲಿ, ಅವನು ನಿಂತಿದ್ದ!

ಕೈಯಲ್ಲೊಂದು ಕನ್ನಡಿ. ಬಾಯಿ ಅರ್ಧ ತೆರೆದೇ ಇತ್ತು. ಕಣ್ಣು ಮಾತ್ರ ಅವಳ ಮೇಲೆ...

ಅವಳಿಗೆ ತನ್ನ ತಲೆತುಂಬ ಸುಣ್ಣದ ಪುಡಿ ಬಿದ್ದಿರುವುದು ನೆನಪಾಗಿ ಕೈ ತಾನೇ ಕೂದಲಿಗೆ ಹೋಯಿತು.

"ಧೂಳು ನಿಮ್ಮ ಮನೆಯೊಳಗೆ ಬಂತಾ? ಸಾರಿ," ಎಂದಳು.

ಅವನ ತುಟಿ ಅಲುಗಿತು. ಮಾತು ಬರಲಿಲ್ಲ. ಮುಖ ಕೆಂಪಾಯಿತು. ಮೆಲ್ಲಗೆ ತನ್ನ ಕಿಟಕಿ ಮುಚ್ಚಿಕೊಂಡ.

'ಅಬ್ಬಾ, ಎಷ್ಟು ಜಂಬ!' ಅವಳಿಗೆ ಮೈಯೆಲ್ಲ ಉರಿಯಿತು. ಬೀದಿ ಮೂಲೆಯ ಕನ್ನಡಕದಂಗಡಿ ಅವನದು. ಎದುರು ಸಿಕ್ಕಾಗಲೆಲ್ಲ ಇವಳೇ ಮೇಲೆ ಬಿದ್ದು ಮಾತಾಡಿಸಿದ್ದಳು. ಅವನು ತಲೆಯಾಡಿಸಿ ಹೋಗುತ್ತಿದ್ದ, ಅಷ್ಟೇ.

ಅಣ್ಣ ಆ ಹಳೆಯ ಮನೆಯನ್ನು ಕೊಂಡು ಇನ್ನೂ ಒಂದು ವರ್ಷವಾಗಿರಲಿಲ್ಲ. ಅದರ ಕಿಟಕಿಗಳಲ್ಲಿ ಒಂದೊಂದರದು ಒಂದೊಂದು ಹಟ. ಒಂದು ತೆರೆದರೆ ಮುಚ್ಚದು, ಇನ್ನೊಂದು ಮುಚ್ಚಿದರೆ ತೆರೆಯದು. ಇವಳ ಕೋಣೆಯದಂತೂ ಬಣ್ಣದ ಮೇಲೆ ಬಣ್ಣ ಬಳಿಸಿಕೊಂಡು ಗೋಡೆಗೇ ಅಂಟಿಹೋಗಿತ್ತು, ಒಳಗೆಲ್ಲ ಗೆದ್ದಲು. ಎಲ್ಲದಕ್ಕೂ ಎರಡು ಪದರ ಗಾಜಿನ ಹೊಸ ಕಿಟಕಿ ಹಾಕಿಸೋಣ, ಬೀದಿಯ ಸದ್ದು ಚೂರೂ ಒಳಗೆ ಬರದು ಎಂದು ಅಣ್ಣ ಹಿಗ್ಗಿದ್ದ. ಬಡಗಿ ಮಾತ್ರ, ಹಳೆಯ ಗೋಡೆಯನ್ನು ನಂಬಬಾರದು, ಚೌಕಟ್ಟು ಕಿತ್ತ ಮೇಲೆ ಬರಿಯ ಕಂಡಿಯ ಅಳತೆ ತೆಗೆದೇ ಹೊಸದನ್ನು ಮಾಡುತ್ತೇನೆ ಎಂದ. ಅಲ್ಲಿಯವರೆಗೆ ಕಂಡಿಗೆ ನೀಲಿ ಪ್ಲಾಸ್ಟಿಕ್ ಹಾಳೆ ಕಟ್ಟಿಟ್ಟು ಹೋದ.

ಮರುದಿನ ಸಂಜೆ ಆ ಹಾಳೆಯ ಆಚೆಯಿಂದ ದನಿಯೊಂದು ಕೇಳಿಸಿತು.

"ನಿ... ನಿಮ್ಮ ಹ... ಹತ್ತಿರ... ಒಂದು ಮಾ... ಮಾ..."

ಮತ್ತೆ ಮೊದಲಿನಿಂದ. ಮತ್ತೆ ಅಲ್ಲಿಗೇ ನಿಲುಗಡೆ.

ಅವಳಿಗೆ ಆಗ ಅರ್ಥವಾಯಿತು. ಜಂಬವಲ್ಲ. ಕನ್ನಡಿಯ ಮುಂದೆ ನಿಂತು ಮಾತು ರೂಢಿ ಮಾಡಿಕೊಳ್ಳುತ್ತಿದ್ದಾನೆ! ಮನಸ್ಸು ಕರಗಿತು. ಆದರೆ ನಾಲಿಗೆ ಮನಸ್ಸಿನ ಮಾತು ಕೇಳಬೇಕಲ್ಲ?

ಮನೆಯಲ್ಲಿ ಅವಳಿಗೆ ಗಿಣಿ ಎಂದೇ ಹೆಸರು. ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಇದ್ದ ಹಾಗೆಯೇ ಒಪ್ಪಿಸುತ್ತಿದ್ದಳು. ಅಣ್ಣನ ಗೊರಕೆ, ಆಸ್ಪತ್ರೆಯಲ್ಲಿ ತನ್ನ ಚೀಟಿ ಕೌಂಟರಿನ ಮುಂದೆ ರೇಗಾಡುವವರ ಅಬ್ಬರ, ಬಡಗಿಯ ಕೆಮ್ಮು, ಯಾವುದನ್ನೂ ಬಿಟ್ಟವಳಲ್ಲ. ನಾಲ್ಕಾರು ಸಂಜೆ ಆ ದನಿ ಹೀಗೇ ಕೇಳಿಬಂತು. ಒಂದು ಸಂಜೆ ಅತ್ತಿಗೆ ಗುಡಿಸಿದಷ್ಟೂ ಮುಗಿಯದ ಧೂಳಿಗೆ ಸೋತು ಮುಖ ಊದಿಸಿಕೊಂಡು ಕೂತಿದ್ದರು. ಅವರನ್ನು ನಗಿಸಬೇಕಿತ್ತು.

ಗಿಣಿ ಎದ್ದು ನಿಂತಳು. ಅಂಗೈಯನ್ನು ಕನ್ನಡಿಯಂತೆ ಹಿಡಿದಳು. ಅವನ ಹಾಗೆಯೇ ಕತ್ತು ಚಾಚಿ, ಅವನ ಹಾಗೆಯೇ ತಡವರಿಸಿ, ಆ ವಾಕ್ಯವನ್ನು ಒಪ್ಪಿಸಿದಳು.

"ಪಾಪ, ಅತ್ತಿಗೆ! ಆ ಮಾತು ಹೇಳಿ ಮುಗಿಸೋಷ್ಟರಲ್ಲಿ ನಮ್ಮ ಹೊಸ ಕಿಟಕಿ ಬಂದು ಹಳೇದೂ ಆಗಿರುತ್ತೆ!"

ಅತ್ತಿಗೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟರಲ್ಲಿ ಗಾಳಿ ಬೀಸಿ ಹಾಳೆಯ ಒಂದು ಮೂಲೆ ಬಿಚ್ಚಿಕೊಂಡಿತು.

ಅವನು ಅಲ್ಲೇ ನಿಂತಿದ್ದ.

ಕನ್ನಡಿಯನ್ನು ನಿಧಾನವಾಗಿ ಕೆಳಗಿಳಿಸಿದ. ಮುಖದಲ್ಲಿ ಸಿಟ್ಟಿರಲಿಲ್ಲ. ಇಂಥದ್ದು ಬಹಳ ಕೇಳಿ ರೂಢಿಯಾದವನ ಹಾಗೆ ಒಮ್ಮೆ ತಲೆಯಾಡಿಸಿ ಒಳಗೆ ಹೋದ. ಬೈದಿದ್ದರೆ ತಡೆದುಕೊಳ್ಳಬಹುದಿತ್ತು... ಭೂಮಿ ಬಾಯಿ ಬಿಡಬಾರದೇ ಎನಿಸಿತು ಅವಳಿಗೆ. ಗೋಡೆಗೂ ಕಿವಿಯಿರುತ್ತದೆ ಎನ್ನುತ್ತಾರೆ, ಇಲ್ಲಿ ಗೋಡೆಯೇ ತೂತಾಗಿತ್ತಲ್ಲ, ಅದನ್ನು ಹೇಗೆ ಮರೆತಳು?

ಅತ್ತಿಗೆಯ ನಗುವೂ ಉಡುಗಿತ್ತು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಗೊಣಗಿ, ನಕ್ಕವಳು ನಾನು, ನನ್ನದೂ ತಪ್ಪೇ ಎಂದರು. ಅದರಿಂದ ಗಿಣಿಯ ಪಾಲಿನ ತಪ್ಪೇನೂ ಕಡಿಮೆಯಾಗಲಿಲ್ಲ.

ಆಮೇಲೆ ಸಂಜೆಯ ಹೊತ್ತು ಆ ಕಡೆಯಿಂದ ದನಿಯೇ ಇಲ್ಲ. ಕಿಟಕಿ ಮುಚ್ಚಿಯೇ ಇರುತ್ತಿತ್ತು. ಅಂಗಡಿಯ ಮುಂದೆ ಹಾಯಬೇಕಾಗಿ ಬಂದರೆ ಅವಳು ಇಡೀ ಬೀದಿ ಸುತ್ತಿಕೊಂಡು ಹೋಗುತ್ತಿದ್ದಳು. ಊಟಕ್ಕೆ ಕೂತಾಗ ಅಣ್ಣ, ಏನೇ ಗಿಣಿ, ಯಾರದಾದರೂ ದನಿ ಮಾಡು ಎಂದರೆ ತಟ್ಟೆ ಎತ್ತಿಕೊಂಡು ಎದ್ದುಬಿಡುತ್ತಿದ್ದಳು. 'ನಗಿಸಿದೆ ಅಂತ ಹೆಮ್ಮೆಪಟ್ಟೆನಲ್ಲ... ಇಷ್ಟು ದಿನ ನಾನು ಅಣಕಿಸಿದವರೆಲ್ಲ ಕಿಟಕಿಯಾಚೆ ನಿಂತು ಕೇಳಿದ್ದರೆ?'

ಒಂದು ದಿನ ಆಸ್ಪತ್ರೆಯ ಕೌಂಟರಿನಲ್ಲಿ ಮುದುಕರೊಬ್ಬರು ಹೆಸರು ಹೇಳಲು ತಡಕಾಡಿದರು. ಮೊದಲಾಗಿದ್ದರೆ ತಾನೇ ಅರ್ಧ ಊಹಿಸಿ ಬರೆದುಕೊಂಡು ಮುಂದಿನವರನ್ನು ಕರೆಯುತ್ತಿದ್ದಳು. ಅಂದು ಪೆನ್ನು ಹಿಡಿದು ಸುಮ್ಮನೆ ಕಾದಳು.

ಹೊಸ ಕಿಟಕಿ ನಾಳೆ ಬರುತ್ತದೆ ಎಂದು ಬಡಗಿ ಹೇಳಿಕಳಿಸಿದ. ಎರಡು ಪದರ ಗಾಜು! ಆಮೇಲೆ ಈ ಕಂಡಿಯ ಮೂಲಕ ಒಂದು ಮಾತೂ ದಾಟದು. ಅಂಗಡಿಗೆ ಹೋಗಿ ಮುಖಕ್ಕೆ ಮುಖ ಕೊಟ್ಟು ಹೇಳುವ ಧೈರ್ಯವಂತೂ ಇಲ್ಲ. ಹೇಳಿದರೆ ಇವತ್ತೇ.

ಸಂಜೆ ಹಾಳೆಯ ಆಚೆ ಕಿಟಕಿ ತೆರೆದ ಸದ್ದಾಯಿತು. ನೆರಳೊಂದು ಬಂದು ನಿಂತಿತು. ಅವಳು ಕಣ್ಣು ಮುಚ್ಚಿಕೊಂಡು ಶುರು ಮಾಡಿಯೇಬಿಟ್ಟಳು. ತಾನು ಮಾಡಿದ್ದು ಹೀನ ಕೆಲಸ ಎಂದಳು, ಅವನ ಮುಖ ಕಣ್ಣ ಮುಂದಿನಿಂದ ಹೋಗುತ್ತಿಲ್ಲ ಎಂದಳು, ಅವನ ದನಿಯಿಲ್ಲದೆ ಸಂಜೆಯೇ ಆಗುವುದಿಲ್ಲ ಎಂದೂ ಹೇಳಿಹೋಯಿತು.

ಆ ಕಡೆಯಿಂದ ಸಣ್ಣದೊಂದು ಕೆಮ್ಮು.

"ಅವನಿನ್ನೂ ಅಂಗಡಿಯಿಂದ ಬಂದಿಲ್ಲ ಕಣಮ್ಮ. ನಾನು ಅವನ ಅಜ್ಜಿ."

ಗಿಣಿಗೆ ಕಿವಿಯವರೆಗೂ ಬಿಸಿಯೇರಿತು.

"ಆ ವಾಕ್ಯ ಕಲೀತಿದ್ದಿದ್ದು ನಿನಗೆ ಹೇಳೋದಕ್ಕೇ," ಎಂದರು ಅಜ್ಜಿ. "ಈಗ ಕನ್ನಡಿ ಮುಟ್ಟೋದೇ ಬಿಟ್ಟಿದ್ದಾನೆ. ನೀನು ಹೇಳಿದ್ದನ್ನ ನಾನು ಅವನಿಗೆ ಹೇಳಲ್ಲ. ನಿನ್ನ ತಪ್ಪು ನೀನೇ ಒಪ್ಪಿಸು. ಅದೂ ಹಾಳೆ ಹಿಂದೆ ನಿಂತಲ್ಲ."

ತನಗೆ ಹೇಳಲಿದ್ದ ಮಾತನ್ನೇ ತಾನು ಅಣಕಿಸಿದ್ದಳು! ಹಾಸಿಗೆಯಲ್ಲಿ ಮುಖ ಹುದುಗಿಸಿ ಅತ್ತಳು.

ಮರುದಿನ ಬಡಗಿ ಹೊಸ ಕಿಟಕಿ ಕೂರಿಸಿದ. ಸುತ್ತ ಅಂಟು ತುಂಬಿ, ಬೆರಳಿನಿಂದ ಒತ್ತಿ ನೀವಿ, ಇದು ಒಣಗುವವರೆಗೆ ಕಿಟಕಿ ಬಾಗಿಲು ಮುಟ್ಟಬೇಡಿ, ನಾಳೆ ತೆರೆಯಿರಿ ಎಂದು ಹೇಳಿ ಹೋದ. ಕೋಣೆ ಗಪ್‌ಚಿಪ್. ಓಣಿಯ ಸೈಕಲ್ ಗಂಟೆಯೂ ಕೇಳಿಸಲಿಲ್ಲ.

ಆಗ ಎದುರಿನ ಕಿಟಕಿ ತೆರೆಯಿತು. ಅವನು! ಕೈಯಲ್ಲಿ ಕನ್ನಡಿಯಿರಲಿಲ್ಲ. ಹೊಸ ಗಾಜು ಕಂಡು ಗಾಬರಿಯಾದವನಂತೆ ಅವಳನ್ನೇ ನೋಡುತ್ತ ಏನೋ ಹೇಳುತ್ತಿದ್ದ. ತುಟಿ ಅಲುಗುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಅಲುಗುತ್ತಿತ್ತು. ಅವಳಿಗೆ ಒಂದು ಅಕ್ಷರವೂ ಕೇಳಿಸುತ್ತಿಲ್ಲ!

ಕೈ ಚಿಲಕದವರೆಗೆ ಹೋಗಿ ನಿಂತಿತು. ಇರಿ, ಇರಿ ಎಂದು ಎರಡೂ ಕೈಯಲ್ಲಿ ಸನ್ನೆ ಮಾಡಿ ಮೆಟ್ಟಿಲಿಳಿದು ಓಡಿದಳು. ಚಪ್ಪಲಿ ಹಾಕಿಕೊಳ್ಳಲೂ ನೆನಪಾಗಲಿಲ್ಲ.

ಓಣಿಗೆ ಬಂದರೆ ಅವನೂ ಇಳಿದು ಬಂದಿದ್ದ. ಮೇಲಿನ ಕಿಟಕಿಯಲ್ಲಿ ಅಜ್ಜಿ. ಬಾಗಿಲಲ್ಲಿ ಅತ್ತಿಗೆ. ಎಲ್ಲರೂ ಕೇಳಲಿ ಎಂದುಕೊಂಡಳು. ಅಣಕಿಸಿದ್ದೂ ಇನ್ನೊಬ್ಬರ ಮುಂದೆಯೇ ತಾನೇ?

"ನಿಮ್ಮನ್ನ ಆಡಿಕೊಂಡು ನಕ್ಕೆ. ತಮಾಷೆಗೆ ಅಂತ ಹೇಳಲ್ಲ, ಅದು ತಪ್ಪು. ನನಗೆ ತುಂಬಾ ನಾಚಿಕೆ ಆಗ್ತಿದೆ. ಕ್ಷಮಿಸೋದಕ್ಕೆ ಆಗದಿದ್ರೆ ಬೇಡ... ಆದ್ರೆ ನನ್ನಿಂದಾಗಿ ಮಾತು ನಿಲ್ಲಿಸಬೇಡಿ."

ಅವನು ಉಸಿರೆಳೆದುಕೊಂಡ.

"ನಿ... ನಿಮ್ಮ ಹತ್ತಿರ ಒಂದು ಮಾ... ಮಾ..."

ಮುಂದಿನ ಪದ ಗಿಣಿಯ ನಾಲಿಗೆಯ ತುದಿಯಲ್ಲೇ ಇತ್ತು. ಅವಳು ಹೇಳಲಿಲ್ಲ. ತುಟಿಯನ್ನೂ ಅಲುಗಿಸಲಿಲ್ಲ. ಅವನ ಕಣ್ಣನ್ನೇ ನೋಡುತ್ತ ನಿಂತಳು.

"...ಮಾತು ಕೇಳಬೇಕಿತ್ತು. ಸಂಜೆ ನೀವು ಎ... ಎಲ್ಲರ ದನಿ ಮಾಡ್ತೀರಿ. ಕೊನೆಗೆ ನ... ನಗೋದು ಮಾತ್ರ ನಿಮ್ಮ ದನಿ. ಅದು ನನಗಿಷ್ಟ. ನೀವೂ ಇ... ಇಷ್ಟ. ಹೊಸ ಕಿ... ಕಿಟಕಿ ಬಂದ ಮೇಲೂ, ಸಂಜೆ ತೆ... ತೆರೆದಿಡ್ತೀರಾ?"

ಅವಳ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು.

"ನಾಳೆಯಿಂದ," ಎಂದಳು. "ಅಂಟು ಒಣಗಬೇಕಂತೆ."

ಅವನು ನಕ್ಕ. ಮತ್ತೆ ಮುಖ ತಗ್ಗಿಸಿದ.

"ಹೇಳೋದು ಇನ್ನೂ ಬ... ಬಹಳ ಇದೆ. ತ... ತಡವಾಗುತ್ತೆ."

"ಆಗಲಿ," ಎಂದಳು ಅವಳು. "ಕಿಟಕಿ ಹಳೇದಾಗೋವರೆಗೂ ಹೇಳಿ. ನಾನು ಕೇಳ್ತಿರ್ತೀನಿ."