ಎರಡು ಸೆಕೆಂಡ್ ಹೆಚ್ಚು

"ರೀ, ನಿಲ್ರೀ! ಜೀವ ಬೇಡ್ವಾ ನಿಮಗೆ?"

ಕಾರಿನ ಬ್ರೇಕ್ ಕಿರುಚಿತು. ಇಳಿದು ಬಂದವನು ಗಡಗಡ ನಡುಗುತ್ತಿದ್ದ, ರಸ್ತೆ ನಡುವೆ ನಿಂತಿದ್ದ ಅವಳಲ್ಲ!

"ಜೀವಾನೂ ಬೇಕು, ಕೆಲಸಾನೂ ಬೇಕು. ನಾನು ಹೋಗ್ಬೇಕಾದ್ದು ಅಗೋ, ಅಲ್ಲಿಗೆ."

ಗ್ರಂಥಾಲಯದ ಹಳೆಯ ಪುಸ್ತಕಗಳಿಗೆ ಹೊಸ ಬೈಂಡಿಂಗ್ ಹಾಕಲು ಪರವೂರಿನಿಂದ ಬಂದವಳು ಅವಳು. ಲಾಡ್ಜಿನ ಕಿಟಕಿ ತೆರೆದರೆ ಎದುರಿಗೇ ಗ್ರಂಥಾಲಯ. ನಡುವೆ ಎಂಟು ಸಾಲು ಕಾರುಗಳು ಹರಿಯುವ ರಸ್ತೆ, ದಾಟಲು ಒಂದು ಗೆರೆಯೂ ಇಲ್ಲ! ಟ್ಯಾಕ್ಸಿ ಹಿಡಿದರೆ ನಾಲ್ಕು ಕಿಲೋಮೀಟರ್ ಸುತ್ತು.

"ಬನ್ನಿ, ನಾನು ಬಿಡ್ತೀನಿ," ಎಂದವನ ಕಣ್ಣು ಅವಳ ಕುಂಟುವ ಎಡಗಾಲಿನ ಮೇಲೆ ಬಿತ್ತು.

ಆ ನೋಟ ಅವಳಿಗೆ ಚಿಕ್ಕಂದಿನಿಂದ ಗೊತ್ತು. "ನಂಗೂ ಕಾಲಿದೆ. ಥ್ಯಾಂಕ್ಸ್!"

ಮರುದಿನ ಅವನು ಕಾರಿಲ್ಲದೆ ಬಂದ. ಕೈ ಎತ್ತಿ ಕಾರುಗಳನ್ನು ನಿಲ್ಲಿಸಿ ದಾಟಿಸಿದ. ಅವಳ ಕೈ ಮಾತ್ರ ಹಿಡಿಯಲಿಲ್ಲ. ಅದೇ ಅವಳಿಗೆ ಹಿಡಿಸಿತು. ಒಂಬತ್ತು ಬೆಳಗು ಹೀಗೇ...

"ನಾನು ರಸ್ತೆ ಇಂಜಿನಿಯರ್. ಇದನ್ನ ಮಾಡಿಸಿದ್ದು ನಾನೇ. ಇಲ್ಲಿ ಯಾರಾದ್ರೂ ನಡೀತಾರೆ ಅಂತ ಹೊಳೀಲೇ ಇಲ್ಲ."

"ಭೇಷ್!" ಎಂದು ನಕ್ಕಳು. ಮನಸ್ಸು ಮೆಲ್ಲಗೆ ಅವನತ್ತ ವಾಲುತ್ತಿತ್ತು.

ಹತ್ತನೆಯ ಬೆಳಗು ರಸ್ತೆ ದಾಟಿ ತಿರುಗಿದರೆ... ಅವನ ಕೈಯಲ್ಲಿ ಸ್ಟಾಪ್‌ವಾಚ್!

"ನನ್ನ ಕುಂಟು ನಡಿಗೇನ ಅಳೀತಿದೀರಾ? ತಮಾಷೆಯಾಗಿದೀನಾ ನಾನು?"

"ಅಯ್ಯೋ, ಹಾಗಲ್ಲ..."

ಅವಳು ಕೇಳಿಸಿಕೊಳ್ಳಲಿಲ್ಲ. ಅಂದೇ ಊರಿಗೆ ಹೊರಟುಬಿಟ್ಟಳು.

ವರ್ಷದ ಮೇಲೆ, ಉಳಿದ ಪುಸ್ತಕಗಳಿಗಾಗಿ ಮತ್ತೆ ಕರೆ ಬಂತು. ಬಂದಿರೋದು ಕೆಲಸಕ್ಕೆ, ಅವನಿಗೋಸ್ಕರ ಅಲ್ಲ... ಎಂದು ತನಗೇ ಹತ್ತು ಸಲ ಹೇಳಿಕೊಂಡಳು.

ಲಾಡ್ಜಿನಿಂದ ಹೊರಬಂದವಳು ಹಾಗೇ ನಿಂತುಬಿಟ್ಟಳು. ರಸ್ತೆಗಡ್ಡ ಬಿಳಿ ಪಟ್ಟೆಗಳು! ಕಂಬದ ಗುಂಡಿ ಒತ್ತಿದಳು. ಎಂಟು ಸಾಲು ಕಾರುಗಳು ತೆಪ್ಪಗೆ ನಿಂತವು. ಹಸಿರು ದೀಪದ ಕೆಳಗೆ ಉಳಿದ ಸೆಕೆಂಡ್ ತೋರಿಸುವ ಅಂಕಿ: ಐವತ್ತು.

ಆಚೆ ಬದಿಯಲ್ಲಿ ಅವನು! ಗ್ರಂಥಾಲಯದವರಿಂದ ಸುದ್ದಿ ತಿಳಿದಿರಬೇಕು. ಓಡಿ ಬರಲಿಲ್ಲ, ಕೈ ಚಾಚಲಿಲ್ಲ. ಸುಮ್ಮನೆ ಕಾದ.

ಜೊತೆಗೆ ರಸ್ತೆಗಿಳಿದವರು ದಾಟಿ ಹೋದಾಗ ಅಂಕಿ ಇನ್ನೂ ಇಪ್ಪತ್ತರ ಮೇಲಿತ್ತು. ಯಾವನೋ ಹಾರ್ನ್ ಒತ್ತಿದ. ಒತ್ತಿಕೊಳ್ಳಲಿ! ಅವಳು ತಲೆಯೆತ್ತಿ ತನ್ನ ನಡಿಗೆಯಲ್ಲೇ ನಡೆದಳು. ಇಷ್ಟು ದೊಡ್ಡ ಊರು ತನಗಾಗಿ ಕಾಯುತ್ತಿದೆ! ಹೆಮ್ಮೆಯಿಂದ ಎದೆಯುಬ್ಬಿತು, ಕಣ್ಣು ತುಂಬಿತು.

ಆಚೆ ಕಾಲಿಟ್ಟಾಗ ಅಂಕಿ ಎರಡು.

"ಅವತ್ತು ಅಳೆದದ್ದು ಇದಕ್ಕಾ?"

"ಹೂಂ. ನಿಮಗೆ ದಾಟೋಕೆ ನಲವತ್ತೆಂಟು ಸೆಕೆಂಡ್. ಆಫೀಸಲ್ಲಿ ಇಪ್ಪತ್ತೈದು ಸಾಕು ಅಂದ್ರು. ನಾನು ಬಿಡ್ಲಿಲ್ಲ."

"ನಂಗೆ ಹೇಳ್ಬಾರ್ದಿತ್ತಾ?"

"ಹೇಳೋಕೆ ಬಿಟ್ರಾ ನೀವು?"

ಅವಳು ದೀಪದ ಕಂಬದತ್ತ ಬೆರಳು ತೋರಿದಳು. "ಮತ್ತೆ ಎರಡು ಸೆಕೆಂಡ್ ಹೆಚ್ಚು ಯಾಕೆ?"

"ನಡುರಸ್ತೇಲಿ ನಿಂತು ನನ್ನ ಬೈಯೋಕೆ!"

ಅಳುತ್ತಲೇ ನಕ್ಕುಬಿಟ್ಟಳು. "ಅಷ್ಟರಲ್ಲಿ ಮುಗಿಯಲ್ಲ."

"ಜೀವನಪೂರ್ತಿ ಬೈತೀರಾ?"

ಅವಳೇ ಮೊದಲು ಅವನ ಕೈ ಹಿಡಿದಳು. "ನಡೀರಿ... ಆದ್ರೆ ನನ್ನ ಹೆಜ್ಜೆಗೆ ಸರಿಯಾಗಿ."