ಸಿಕಾ ಜಿಂಕೆಯ ಕೊನೆಯ ತುತ್ತು

ಸತ್ತ ಜಿಂಕೆಯ ಬಾಯಿಗೆ ಹಸಿರು ಚಿಗುರಿಟ್ಟು ಕೊನೆಯ ತುತ್ತು ಕೊಡುವುದು ಜರ್ಮನಿಯ ನಮ್ಮ ಬೇಟೆಗಾರರ ಪದ್ಧತಿ. ಆ ಸಂಜೆ ನನ್ನ ಜೊತೆಗಾರ ಹಿನ್ರಿಕ್ ಎರಡನ್ನು ಹೊಡೆದ: ನಮ್ಮ ಕಾಡಿನದೇ ಕೆಂಪು ಜಿಂಕೆ, ಜಪಾನಿನಿಂದ ತಂದುಬಿಟ್ಟ ತಳಿಯ ಸಿಕಾ. ಚಿಗುರಿಟ್ಟದ್ದು ಕೆಂಪಿಗೆ ಮಾತ್ರ.

“ಈ ಪರದೇಶಿ ಕುಳ್ಳಂಗೆ ಯಾತರ ತುತ್ತು?”

ನನಗೆ ಮೈಯೆಲ್ಲ ಉರಿಯಿತು. “ಗುಂಡು ಹೊಡೆಯೋವಾಗ ಅದರ ಊರು ಕೇಳಿದ್ಯಾ? ಅದರ ತಾತ ಮುತ್ತಾತನೂ ಇಲ್ಲೇ ಹುಟ್ಟಿದ್ದು ಕಣೋ.”

ಹೊಡೆದವನೇ ಇಡಬೇಕೆಂಬುದು ನಿಯಮ, ಅದಿಲ್ಲದಿದ್ದರೆ ನಾನೇ ಇಡುತ್ತಿದ್ದೆ. ಎರಡನ್ನೂ ಶೀತಲ ಕೋಣೆಯಲ್ಲಿ ತೂಗುಹಾಕಿ, ಬೀಗ ಜಡಿದು, ಕೀಲಿಯನ್ನು ಜೇಬಿಗೆ ಹಾಕಿಕೊಂಡೆ.

ಬೆಳಿಗ್ಗೆ ಕೆಂಪು ಜಿಂಕೆಯ ಬಾಯಿ ಖಾಲಿಯಿತ್ತು. ಸಿಕಾದ ದವಡೆ ಬಿಡಿಸಿದೆ. ನಾಲಿಗೆಯ ಮೇಲೆ ಅರ್ಧ ಅಗಿದ ಚಿಗುರಿತ್ತು.

“ನೀನೇ ಇಟ್ಟಿದ್ದೀಯ,” ಎಂದು ಹಿನ್ರಿಕ್ ರೇಗಿದ.

“ಮುಟ್ಟಿ ನೋಡು,” ಎಂದೆ.

ಎರಡು ಡಿಗ್ರಿ ಚಳಿಯ ಆ ಕೋಣೆಯಲ್ಲಿ ಚಿಗುರು ಬೆಚ್ಚಗಿತ್ತು.